ಹಳದಿ ಎಲೆಗೆ ಇನ್ನಷ್ಟು ಗೊಬ್ಬರವೇ?

ತಾರಸಿಯಲ್ಲಿ ನಾಲ್ಕು ಕುಂಡ ಇಟ್ಟುಕೊಂಡವರು ಇಬ್ಬರು ಸೇರಿದರೆ ಮಾತು ಎಲ್ಲಿಂದ ಶುರುವಾದರೂ ಕೊನೆಗೆ ಬಂದು ನಿಲ್ಲುವುದು ಒಂದೇ ಪ್ರಶ್ನೆಗೆ: ‘ಎಲೆ ಹಳದಿಯಾಗಿದೆಯಲ್ಲ, ಏನು ಹಾಕಲಿ?’ ಒಬ್ಬರು ಬಾಳೆಹಣ್ಣಿನ ಸಿಪ್ಪೆ ಎನ್ನುತ್ತಾರೆ, ಇನ್ನೊಬ್ಬರು ಮೊಟ್ಟೆಯ ಚಿಪ್ಪು ಎನ್ನುತ್ತಾರೆ, ಮೂರನೆಯವರು ಹುಳಿಮಜ್ಜಿಗೆ ಎನ್ನುತ್ತಾರೆ. ಗಿಡ ಮಾತ್ರ ಸುಮ್ಮನೆ ನಿಂತಿರುತ್ತದೆ. ಅದಕ್ಕೆ ಬಾಯಿ ಇದ್ದಿದ್ದರೆ ‘ಹಾಕಿದ್ದು ಸಾಕು ಮಾರಾಯರೇ’ ಎನ್ನುತ್ತಿತ್ತೇನೋ.

ಈ ಮಾತನ್ನು ಅನುಭವದಿಂದಲೇ ಹೇಳುತ್ತಿದ್ದೇನೆ. ಆರು ವರ್ಷದ ಹಿಂದೆ ಅಮ್ಮ ಊರಿನಿಂದ, ತೀರ್ಥಹಳ್ಳಿ ಕಡೆಯ ನಮ್ಮ ಹಳೆಯ ಮನೆಯ ಹಿತ್ತಿಲಿನಿಂದ, ಒಂದು ಕರಿಬೇವಿನ ಮರಿ ಕಿತ್ತು ಒದ್ದೆ ಗೋಣಿಚೀಲದಲ್ಲಿ ಸುತ್ತಿ ಕೊಟ್ಟಿದ್ದಳು. ತಾಯಿಮರವನ್ನು ನೆಟ್ಟದ್ದು ನನ್ನ ಅಜ್ಜಿ. ಮಾರನೆಯ ವರ್ಷ ಆ ಮನೆ ಕೈಬಿಟ್ಟಿತು, ಹಿತ್ತಿಲೂ ಹೋಯಿತು, ಮರವೂ ಹೋಯಿತು. ಬೆಂಗಳೂರಿನ ನಮ್ಮ ತಾರಸಿಯ ಮೇಲೆ ಅರ್ಧಕ್ಕೆ ಕೊಯ್ದ ನೀಲಿ ಡ್ರಮ್ಮಿನಲ್ಲಿ ಬೆಳೆದ ಆ ಮರಿಯೊಂದೇ ಉಳಿದದ್ದು. ಈಗ ತಮ್ಮನ ಮನೆಯಲ್ಲಿರುವ ಅಮ್ಮ ಫೋನಿನಲ್ಲಿ ಮೊದಲು ಮಕ್ಕಳನ್ನು ವಿಚಾರಿಸುತ್ತಾಳೆ, ಆಮೇಲೆ ಕರಿಬೇವನ್ನು.

2024ರ ಬೇಸಿಗೆಯಲ್ಲಿ ಆ ಗಿಡ ಹಳದಿಯಾಯಿತು. ನನಗೆ ಗೊತ್ತಿದ್ದದ್ದು ಎಲ್ಲರಿಗೂ ಗೊತ್ತಿರುವಷ್ಟೇ: ಹಳದಿ ಎಂದರೆ ಸಾರಜನಕದ ಕೊರತೆ. ಒಂದು ಚಿಟಿಕೆ ಯೂರಿಯಾ ಹಾಕಿದೆ. ವಾರ ಕಳೆದರೂ ಹಸಿರಾಗಲಿಲ್ಲ. ಇನ್ನೊಂದು ಚಿಟಿಕೆ. ಆಮೇಲೆ ಕಡಲೆಕಾಯಿ ಹಿಂಡಿ, ಒಂದು ಹಿಡಿ, ನೆನೆಸದೆ ಹಾಗೆಯೇ. ಯಾರೋ ಹೇಳಿದರೆಂದು ಮೊಟ್ಟೆಯ ಚಿಪ್ಪಿನ ಪುಡಿ, ಮತ್ತೊಬ್ಬರು ಹೇಳಿದರೆಂದು ಒಲೆ ಬೂದಿ. ತಿಂಗಳು ತುಂಬುವಷ್ಟರಲ್ಲಿ ಚಿಗುರು ಬಿಳುಚಿಕೊಂಡಿತು, ಬಲಿತ ಎಲೆಗಳ ಅಂಚು ಸುಟ್ಟು ಕಂದಾಗಿ ಉದುರತೊಡಗಿತು. ಫೋನಿನಲ್ಲಿ ಅಮ್ಮನಿಗೆ ‘ಚೆನ್ನಾಗಿದೆ’ ಎಂದು ಸುಳ್ಳು ಹೇಳಿದೆ.

ಕೊನೆಗೆ ಗಿಡ ಉಳಿಸಿದವರು ನಮ್ಮ ಬೀದಿಯ ಕೊನೆಯ ಮನೆಯಲ್ಲಿರುವ ಒಬ್ಬ ಹಿರಿಯರು. ತೋಟಗಾರಿಕೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಮೆಟ್ಟಿಲು ಹತ್ತಿ ಬಂದು ಗಿಡವನ್ನು ಮುಟ್ಟಲೂ ಇಲ್ಲ. ‘ಯಾವ ಎಲೆ ಮೊದಲು ಹಳದಿಯಾದದ್ದು? ಹಳೆಯದೋ, ಹೊಸದೋ?’ ಎಂದರು. ನಾನು ಗಮನಿಸಿಯೇ ಇರಲಿಲ್ಲ. ‘ನೀರು ಯಾವುದು ಹಾಕ್ತೀರಿ?’ ಎಂದರು. ಆಗ ತಲೆಯಲ್ಲಿ ಏನೋ ಹೊಳೆಯಿತು. ಆ ಬೇಸಿಗೆ ನಿಮಗೂ ನೆನಪಿರಬೇಕು. ಕಾವೇರಿ ನೀರು ಅಪರೂಪವಾಗಿ, ಬೋರ್‌ವೆಲ್‌ಗಳು ಬತ್ತಿ, ಬೆಂಗಳೂರಿನ ಅರ್ಧ ಮನೆಗಳು ಟ್ಯಾಂಕರಿಗೆ ಕಾಯುತ್ತಿದ್ದ ತಿಂಗಳುಗಳು ಅವು. ನಮ್ಮ ಗಿಡವೂ ಕುಡಿದದ್ದು ಟ್ಯಾಂಕರ್ ನೀರನ್ನೇ. ಡ್ರಮ್ಮಿನ ಅಂಚಿನಲ್ಲಿ ಸುಣ್ಣ ಬಳಿದಂತೆ ಬಿಳಿ ಪದರ ಕಟ್ಟಿತ್ತು. ದಿನಾ ನೋಡುತ್ತಿದ್ದೆ, ನೋಡಿದ್ದು ತಲೆಗೆ ಹೋಗಿರಲಿಲ್ಲ.

ಹಳೆಯ ಎಲೆಯೋ ಹೊಸ ಎಲೆಯೋ ಎಂಬ ಪ್ರಶ್ನೆ ಸಣ್ಣದೆನಿಸಬಹುದು. ಕುಂಡದ ಗಿಡದ ಅರ್ಧ ವೈದ್ಯ ಅದರಲ್ಲೇ ಇದೆ. ಗಿಡಕ್ಕೆ ಬೇಕೇಬೇಕೆಂದು ವಿಜ್ಞಾನಿಗಳು ಒಪ್ಪಿರುವ ಮೂಲವಸ್ತುಗಳು ಹದಿನೇಳು. ಇಂಗಾಲ, ಜಲಜನಕ, ಆಮ್ಲಜನಕ ಮೂರೂ ಗಾಳಿ ನೀರಿನಿಂದಲೇ ಸಿಗುತ್ತವೆ; ಉಳಿದ ಹದಿನಾಲ್ಕನ್ನು ಬೇರು ಹುಡುಕಿಕೊಳ್ಳಬೇಕು. ಇವುಗಳಲ್ಲಿ ಸಾರಜನಕ, ರಂಜಕ, ಪೊಟ್ಯಾಷ್, ಮೆಗ್ನೀಷಿಯಂ ಗಿಡದೊಳಗೆ ಓಡಾಡಬಲ್ಲವು. ಕೊರತೆ ಬಿದ್ದಾಗ ಗಿಡ ಹಳೆಯ ಎಲೆಯಿಂದ ಇವನ್ನು ಕಿತ್ತು ಚಿಗುರಿಗೆ ಕಳಿಸುತ್ತದೆ, ತಾಯಿ ತನ್ನ ತಟ್ಟೆಯದನ್ನು ಮಗುವಿಗೆ ಬಡಿಸಿದ ಹಾಗೆ. ಆದ್ದರಿಂದ ಕೆಳಗಿನ ಎಲೆ ಮೊದಲು ಬಾಡುತ್ತದೆ. ಇಡೀ ಎಲೆ ತೆಳು ಹಳದಿಯಾದರೆ ಸಾರಜನಕ; ಅಂಚು ಸುಟ್ಟಂತಾದರೆ ಪೊಟ್ಯಾಷ್; ನರ ಹಸಿರಾಗಿ ಉಳಿದು ನಡುವೆ ಮಾತ್ರ ಹಳದಿಯಾದರೆ ಮೆಗ್ನೀಷಿಯಂ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಹಾಗಲ್ಲ, ಒಮ್ಮೆ ಕೂತಲ್ಲಿಂದ ಏಳುವುದಿಲ್ಲ. ಅವು ಕಡಿಮೆಯಾದರೆ ಪೆಟ್ಟು ಬೀಳುವುದು ಚಿಗುರಿಗೆ. ಹೊಸ ಎಲೆ ಹಳದಿ, ಅದರ ನರಗಳು ಮಾತ್ರ ಬಲೆ ಹೆಣೆದಂತೆ ಹಸಿರು: ಇದು ಕಬ್ಬಿಣದ ಕೊರತೆಯ ಗುರುತು. ನಮ್ಮ ಕರಿಬೇವಿನದು ಇದೇ.

ಹಾಗಾದರೆ ಮಣ್ಣಿನಲ್ಲಿ ಕಬ್ಬಿಣ ಇರಲಿಲ್ಲವೇ? ಬೆಂಗಳೂರಿನ ಕೆಂಪುಮಣ್ಣು ಕೆಂಪಾಗಿರುವುದೇ ಕಬ್ಬಿಣದಿಂದ! ಇತ್ತು, ಆದರೆ ಬೀಗ ಬಿದ್ದಿತ್ತು. ಮಣ್ಣಿನ ಹುಳಿ-ಕ್ಷಾರಗಳನ್ನು ಅಳೆಯುವ ರಸಸಾರ ಎಂಬ ಅಳತೆಯಲ್ಲಿ 7 ನಡುಮಟ್ಟ. ಸ್ವಲ್ಪ ಹುಳಿಯ ಕಡೆಗಿದ್ದರೆ, ಅಂದರೆ 6ರಿಂದ 6.5ರ ಒಳಗಿದ್ದರೆ, ಹೆಚ್ಚಿನ ಗಿಡಗಳ ಬೇರಿಗೆ ಎಲ್ಲ ಪೋಷಕಾಂಶಗಳೂ ಎಟುಕುತ್ತವೆ. 7.5 ದಾಟಿತೋ, ಕಬ್ಬಿಣ, ಸತು, ಮ್ಯಾಂಗನೀಸ್ ಮಣ್ಣಿನಲ್ಲಿದ್ದೂ ಇಲ್ಲದಂತೆ. ಹಿರಿಯರು ಕೊಟ್ಟ ಕಾಗದದ ಪಟ್ಟಿಯನ್ನು ಅದ್ದಿ ನೋಡಿದರೆ ನಮ್ಮ ಟ್ಯಾಂಕರ್ ನೀರು 8ರ ಹತ್ತಿರ ತೋರಿಸಿತು. ಸಾಲದ್ದಕ್ಕೆ ನಾನು ಹಾಕಿದ ಮೊಟ್ಟೆಯ ಚಿಪ್ಪು ಎಂದರೆ ಹೆಚ್ಚುಕಡಿಮೆ ಸುಣ್ಣದ ಕಲ್ಲೇ, ಬೂದಿಯಂತೂ ಕ್ಷಾರವೇ. ಬೀಗದ ಮೇಲೆ ಬೀಗ ಜಡಿದಿದ್ದೆ. ಮಲೆನಾಡಿನ ಹುಳಿಮಣ್ಣಿನಲ್ಲಿ, ನಾಲ್ಕು ತಿಂಗಳು ಮಳೆಯಲ್ಲಿ ತೊಯ್ದು ಬೆಳೆದ ಗಿಡದ ಕುಲ ಅದು. ಅಜ್ಜಿ ಅದಕ್ಕೆ ಒಂದು ದಿನವೂ ಏನನ್ನೂ ಹಾಕಿದ್ದನ್ನು ನಾನು ಕಂಡಿಲ್ಲ.

ಮಜ್ಜಿಗೆ ಹಾಕುವ ರೂಢಿಯಲ್ಲಿ ಅರ್ಥವಿದೆ ಎಂಬುದು ಈಗ ನಿಮಗೂ ಹೊಳೆದಿರಬೇಕು. ಅದರ ಹುಳಿ ಬೇರಿನ ಸುತ್ತ ಸ್ವಲ್ಪ ಹೊತ್ತಾದರೂ ಬೀಗ ಸಡಿಲಿಸುತ್ತದೆ. ಆದರೆ ಗಡಸು ನೀರನ್ನು ದಿನಾ ಸುರಿಯುತ್ತಾ ವಾರಕ್ಕೊಂದು ಲೋಟ ಮಜ್ಜಿಗೆ ಹಾಕಿದರೆ ಗೆಲ್ಲುವುದು ನೀರೇ.

ನಾವು ಮಾಡಿದ್ದು ಇಷ್ಟು. ಮೊದಲು ಎರಡು ತಿಂಗಳು ಎಲ್ಲ ಗೊಬ್ಬರವನ್ನೂ ನಿಲ್ಲಿಸಿದೆವು. ಮೇ ತಿಂಗಳ ಮೊದಲ ಮಳೆಗಳಲ್ಲಿ ಬಕೆಟ್ಟು, ಪಾತ್ರೆ, ಹಳೆಯ ಹಂಡೆ ಎಲ್ಲವನ್ನೂ ತಾರಸಿಯಲ್ಲಿ ಸಾಲಾಗಿಟ್ಟು ನೀರು ಹಿಡಿದು, ಡ್ರಮ್ಮಿನಲ್ಲಿ ಹಿಡಿಸುವ ಮಣ್ಣಿನ ಎರಡರಷ್ಟು ನೀರನ್ನು ನಿಧಾನವಾಗಿ ಸುರಿದು ತಳದ ತೂತಿನಿಂದ ಹರಿಯಬಿಟ್ಟೆವು. ಕಟ್ಟಿಕೊಂಡ ಉಪ್ಪು ತೊಳೆದುಹೋಗಲು ಇದಕ್ಕಿಂತ ಅಗ್ಗದ ಉಪಾಯವಿಲ್ಲ. ಆಮೇಲೆ ಅನ್ನಭೇದಿ. ಗ್ರಂದಿಗೆ ಅಂಗಡಿಯ ಈ ಹಳೆಯ ವಸ್ತುವನ್ನು ಈಗ ಗೊಬ್ಬರದಂಗಡಿಯಲ್ಲಿ ಫೆರಸ್ ಸಲ್ಫೇಟ್ ಎಂದು ಮಾರುತ್ತಾರೆ. ಮೈಲುತುತ್ತ ಬೇರೆ, ಅದು ತಾಮ್ರದ್ದು. ಬಣ್ಣ ನೋಡಿ ಮೋಸಹೋಗಬೇಡಿ. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, ಅರ್ಧ ನಿಂಬೆಹಣ್ಣಿನ ರಸ. ಸಂಜೆ ಹೊತ್ತು ಎಲೆಗೆ ಸಿಂಪಡಣೆ, ಹತ್ತು ದಿನ ಬಿಟ್ಟು ಇನ್ನೊಮ್ಮೆ. ಬಟ್ಟೆಗೆ, ತಾರಸಿಗೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ. ಬಿಳಿ ಪಂಚೆಯುಟ್ಟು ಈ ಕೆಲಸಕ್ಕೆ ಇಳಿಯಬೇಡಿ. ಸಿಂಪಡಿಸಿದ ಸೊಪ್ಪನ್ನು ಒಗ್ಗರಣೆಗೆ ಕೀಳಲೂಬೇಡಿ, ಹೊಸ ಚಿಗುರು ಬರಲಿ. ಬೇರಿಗೇ ಕೊಡುವುದಾದರೆ ಚೀಲೇಟ್ ಮಾಡಿದ ಕಬ್ಬಿಣ ಸಿಗುತ್ತದೆ. ಅದರಲ್ಲಿ ಇಡಿಟಿಎ ಎಂಬುದು ಕ್ಷಾರಮಣ್ಣಿನಲ್ಲಿ ಬೇಗ ಸೋಲುತ್ತದೆ, ಇಡಿಡಿಎಚ್‌ಎ ಎಂಬುದು ತಾಳಿಕೊಳ್ಳುತ್ತದೆ, ಎರಡನೆಯದು ದುಬಾರಿ.

ಒಂದು ಮಾತು ಮರೆತೆ. ಚಳಿಗಾಲದಲ್ಲಿ ಕರಿಬೇವಿನ ಹಳೆಯ ಎಲೆ ಹಳದಿಯಾಗಿ ಉದುರುವುದು ಸಹಜ. ಡಿಸೆಂಬರಿನಲ್ಲಿ ಗಾಬರಿಬಿದ್ದು ಗೊಬ್ಬರದಂಗಡಿಗೆ ಓಡಬೇಡಿ.

ಸಾವಯವ ಎಂದ ಮಾತ್ರಕ್ಕೆ ಎಷ್ಟು ಹಾಕಿದರೂ ನಡೆಯುತ್ತದೆ ಎಂಬ ನಂಬಿಕೆ ನನ್ನಲ್ಲೂ ಇತ್ತು. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಶೇಕಡ ಅರ್ಧದಷ್ಟು. ಕಡಲೆಕಾಯಿ ಹಿಂಡಿಯಲ್ಲಿ ಶೇಕಡ 7ರಷ್ಟು. ಎರಡನ್ನೂ ಹಿಡಿಯಲ್ಲೇ ಅಳೆದರೆ ಹೇಗೆ? ಹಿಂಡಿ ಕುಂಡದೊಳಗೆ ಕೊಳೆಯುವಾಗ ಬಿಸಿ ಏಳುತ್ತದೆ, ಎಳೆಬೇರು ಬೇಯುತ್ತದೆ. ಹೊಲದಲ್ಲಾದರೆ ಬೇರು ಪಕ್ಕಕ್ಕೆ ಸರಿದು ಬದುಕುತ್ತದೆ, ಕುಂಡದಲ್ಲಿ ಸರಿಯಲು ಜಾಗವೆಲ್ಲಿ? ನೂರು ಗ್ರಾಂ ಹಿಂಡಿಯನ್ನು ಒಂದು ಲೀಟರ್ ನೀರಿನಲ್ಲಿ ಮೂರು ನಾಲ್ಕು ದಿನ ಕೊಳೆಯಿಸಿ, ಬಸಿದು, ಹತ್ತರಷ್ಟು ನೀರು ಬೆರೆಸಿ ಹದಿನೈದು ದಿನಕ್ಕೊಮ್ಮೆ ಕೊಟ್ಟರೆ ಸಾಕು. ವಾಸನೆಗೆ ಕೆಳಮನೆಯವರು ಜಗಳಕ್ಕೆ ಬಂದರೆ ಎರೆಗೊಬ್ಬರಕ್ಕೆ ಬದಲಾಯಿಸಿ. ಸೌಮ್ಯ, ವಾಸನೆಯೂ ಇಲ್ಲ. ಇನ್ನು ಬಾಳೆಸಿಪ್ಪೆ ನೆನೆಸಿದ ನೀರು: ಸಿಪ್ಪೆಯಲ್ಲಿ ಪೊಟ್ಯಾಷ್ ಇರುವುದು ನಿಜ, ಒಂದು ರಾತ್ರಿ ನೆನೆಸಿದರೆ ನೀರಿಗಿಳಿಯುವುದು ಅದರಲ್ಲಿ ಸ್ವಲ್ಪ. ಆ ಸಿಪ್ಪೆಯನ್ನು ಕಾಂಪೋಸ್ಟ್ ಡಬ್ಬಕ್ಕೇ ಹಾಕುವುದು ಒಳ್ಳೆಯದು. ತೆಂಗಿನ ನಾರಿನ ಪುಡಿ ತರುವವರು ಅದನ್ನು ಎರಡು ಮೂರು ನೀರಿನಲ್ಲಿ ತೊಳೆದೇ ಬಳಸಿ. ಹಸಿ ಪುಡಿಯಲ್ಲಿ ಉಪ್ಪು ಇರುತ್ತದೆ, ತನ್ನೊಳಗೆ ಆಹಾರವೆಂಬುದು ಇಲ್ಲವೆನ್ನುವಷ್ಟು ಕಡಿಮೆ.

ಟೊಮೆಟೊ ಬೆಳೆಯುವವರಿಗೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ವೆಜಿಟಬಲ್ ಸ್ಪೆಷಲ್’ ಎಂಬ ಲಘು ಪೋಷಕಾಂಶಗಳ ಪುಡಿ ಇದೆ. ಲೀಟರಿಗೆ 5 ಗ್ರಾಂ ಬೆರೆಸಿ ಎಲೆಗೆ ಸಿಂಪಡಿಸುವುದು. ನಿಂಬೆರಸ ಮತ್ತು ಚೂರು ಶಾಂಪೂ ಸೇರಿಸಿ ಎಂದು ಅವರೇ ಹೇಳುತ್ತಾರೆ. ನಿಂಬೆ ನೀರಿನ ಕ್ಷಾರ ಇಳಿಸಲು, ಶಾಂಪೂ ಹನಿ ಎಲೆಗೆ ಅಂಟಿಕೊಳ್ಳಲು.

ಎದುರುಮನೆಯ ಹುಡುಗನ ದಾರಿಯೇ ಬೇರೆ. ಕಂಪ್ಯೂಟರ್ ಕೆಲಸದವನು, ಮಣ್ಣು ಮುಟ್ಟುವುದೆಂದರೆ ಆಗದು. ತಾರಸಿಯಲ್ಲಿ ಪಿವಿಸಿ ಕೊಳವೆಗೆ ತೂತು ಕೊರೆದು, ಪಂಪಿನಿಂದ ನೀರು ಹರಿಸಿ ಲೆಟ್ಯೂಸ್, ಟೊಮೆಟೊ ಬೆಳೆಯುತ್ತಾನೆ. ‘ಅಂಕಲ್, ಇದು ಹೊಸ ಟೆಕ್ನಾಲಜಿ’ ಎಂದ. ಅಷ್ಟೇನೂ ಹೊಸದಲ್ಲ. 1860ರ ಸುಮಾರಿಗೇ ಜರ್ಮನಿಯ ಜೂಲಿಯಸ್ ಸಾಕ್ಸ್ ಬರೀ ನೀರಿಗೆ ಲವಣ ಬೆರೆಸಿ ಗಿಡ ಬೆಳೆದು ತೋರಿಸಿದ್ದರು. 1937ರಲ್ಲಿ ಕ್ಯಾಲಿಫೋರ್ನಿಯಾದ ವಿಲಿಯಂ ಗೆರಿಕೆ ಅದಕ್ಕೆ ಹೈಡ್ರೋಪೋನಿಕ್ಸ್ ಎಂಬ ಹೆಸರಿಟ್ಟರು. ನಮ್ಮ ದೇಶದಲ್ಲೇ 1946ರಲ್ಲಿ ಕಾಲಿಂಪಾಂಗ್‌ನಲ್ಲಿ ಶೋಲ್ಟೋ ಡಗ್ಲಸ್ ಎಂಬುವರು ಮರಳು, ಜಲ್ಲಿ ಬಳಸಿ ಪಂಪು ಗಿಂಪು ಬೇಡದ ಅಗ್ಗದ ವಿಧಾನ ರೂಪಿಸಿದರು. ‘ಬಂಗಾಳ ಪದ್ಧತಿ’ ಎಂದೇ ಅದಕ್ಕೆ ಹೆಸರಾಯಿತು.

ಹುಡುಗ ಮೊದಲ ದಿನವೇ ಎಡವಿದ್ದ. ಅಂಗಡಿಯವರು ಎ, ಬಿ ಎಂದು ಎರಡು ಬಾಟಲಿ ಕೊಟ್ಟಿದ್ದರು. ಕೆಲಸ ಹಗುರವಾಗಲೆಂದು ಎರಡನ್ನೂ ಒಂದೇ ಕ್ಯಾನಿಗೆ ಸುರಿದುಬಿಟ್ಟ. ಮಾರನೆಯ ಬೆಳಿಗ್ಗೆ ತಳದಲ್ಲಿ ಬಿಳಿ ಗಸಿ. ಒಂದರಲ್ಲಿ ಕ್ಯಾಲ್ಸಿಯಂ ನೈಟ್ರೇಟ್, ಇನ್ನೊಂದರಲ್ಲಿ ಸಲ್ಫೇಟು, ಫಾಸ್ಫೇಟುಗಳು. ಗಟ್ಟಿ ದ್ರಾವಣದಲ್ಲೇ ಇವು ಕೂಡಿದರೆ ಜಿಪ್ಸಮ್ಮಾಗಿ ತಳ ಕಾಣುತ್ತವೆ. ಗಿಡಕ್ಕೆ ಉಳಿಯುವುದು ಸೊನ್ನೆ. ತೊಟ್ಟಿಯ ತುಂಬ ನೀರಿಗೆ ಮೊದಲು ಎ ಹಾಕಿ ಚೆನ್ನಾಗಿ ಕಲಕಿ, ಆಮೇಲೆ ಬಿ ಹಾಕಬೇಕು. ಅಷ್ಟು ತೆಳುವಾದ ಮೇಲೆ ಜಗಳವಿಲ್ಲ.

ನೀರಿನಲ್ಲಿ ಬೆಳೆಯುವಾಗ ಮಣ್ಣೆಂಬ ಮಧ್ಯಸ್ಥ ಇಲ್ಲ. ಹೆಚ್ಚುಕಡಿಮೆಯನ್ನು ನುಂಗಿಕೊಳ್ಳುವವರಿಲ್ಲ. ಹೀಗಾಗಿ ಎರಡು ಮೀಟರು ಬೇಕೇಬೇಕು. ರಸಸಾರ 5.5ರಿಂದ 6.5ರೊಳಗಿರಲಿ. ಕರಗಿದ ಲವಣ ಎಷ್ಟಿದೆ ಎಂದು ತೋರಿಸುವ ಇನ್ನೊಂದು ಮೀಟರಿನಲ್ಲಿ ಲೆಟ್ಯೂಸಿಗೆ 1.2ರಿಂದ 1.8, ಫಲ ಬಿಡುವ ಟೊಮೆಟೊಗೆ 2ರಿಂದ 3.5 ಇರಬಹುದು. ಬೇಸಿಗೆಯಲ್ಲಿ ಈ ಅಂಕಿ ತಾನೇ ಏರುತ್ತದೆ. ಹುಡುಗ ಅದನ್ನು ಕಂಡು ತಲೆ ಕೆರೆದುಕೊಂಡಿದ್ದ. ಬಿಸಿಲಿಗೆ ಗಿಡ ನೀರನ್ನು ಹೆಚ್ಚು ಕುಡಿಯುತ್ತದೆ, ಲವಣವನ್ನು ಅಷ್ಟು ಎಳೆಯುವುದಿಲ್ಲ. ಉಳಿದ ದ್ರಾವಣ ಗಟ್ಟಿಯಾಗುತ್ತದೆ. ಆಗ ತೊಟ್ಟಿ ಇಳಿಯಿತೆಂದು ಇನ್ನಷ್ಟು ಗೊಬ್ಬರದ ನೀರು ಸುರಿಯುವುದು ಉಪ್ಪು ಹೆಚ್ಚಾದ ಸಾರಿಗೆ ಮತ್ತೆ ಉಪ್ಪು ಹಾಕಿದಂತೆ. ಬರೀ ನೀರು ಹಾಕಿ.

ಅವನ ಟೊಮೆಟೊ ಹಣ್ಣಿನ ತಳ ಕಪ್ಪಾಗಿ ಕುಸಿಯುತ್ತಿತ್ತು. ಕ್ಯಾಲ್ಸಿಯಂ ಕೊರತೆಯೆಂದು ಎ ಬಾಟಲಿಯನ್ನು ಹೆಚ್ಚಿಸಿದ್ದ. ಕೊರತೆ ಹಣ್ಣಿನಲ್ಲಿತ್ತು, ತೊಟ್ಟಿಯಲ್ಲಿರಲಿಲ್ಲ. ಮಧ್ಯಾಹ್ನ ಕರೆಂಟು ಹೋದಾಗ ಪಂಪು ನಿಂತು ಬೇರು ಒಣಗುತ್ತಿತ್ತು. ಕ್ಯಾಲ್ಸಿಯಂ ನೀರಿನ ಜೊತೆಗೇ ಏರುವಂಥದ್ದು. ನೀರು ತಡೆದರೆ ಅದೂ ತಡೆಯುತ್ತದೆ. ಪಂಪಿಗೆ ಒಂದು ಹಳೆಯ ಬ್ಯಾಟರಿ ಜೋಡಿಸಿದ, ತೊಟ್ಟಿಗೆ ನೆರಳು ಕಟ್ಟಿದ. ಮುಂದಿನ ಗೊಂಚಲಿನ ಹಣ್ಣು ಚೆನ್ನಾಗಿ ಬಂತು. ಕುಂಡದಲ್ಲಿ ಬೆಳೆಯುವವರಿಗೂ ಇದೇ ಕತೆ: ಒಂದು ದಿನ ಒಣಗಿಸಿ ಮರುದಿನ ಮುಳುಗಿಸುವವರ ಟೊಮೆಟೊಗೇ ಈ ತೊಂದರೆ ಹೆಚ್ಚು.

ಕರಿಬೇವಿನ ವಿಷಯ ಅರ್ಧಕ್ಕೇ ನಿಂತಿತು. ಆ ವರ್ಷ ಜುಲೈ ಕೊನೆಗೆ ಮೊದಲ ಹಸಿರು ಚಿಗುರು ಕಂಡಿತು, ಗಣೇಶನ ಹಬ್ಬದ ಹೊತ್ತಿಗೆ ಆರು ಕುಡಿ. ಸುಟ್ಟ ಎಲೆಗಳು ಮತ್ತೆ ಹಸಿರಾಗಲಿಲ್ಲ, ಆಗುವುದೂ ಇಲ್ಲ, ಉದುರಿಹೋದವು. ಅಮ್ಮನಿಗೆ ಫೋನ್ ಮಾಡಿ ಸುಳ್ಳು ಹೇಳಿದ್ದನ್ನೂ ಸೇರಿಸಿ ಎಲ್ಲವನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ಬುಡದಲ್ಲಿ ಮರಿ ಎದ್ದಿದೆಯೇನೋ ನೋಡು ಮಾರಾಯಾ, ಎದ್ದರೆ ಒಂದನ್ನು ತಮ್ಮನ ಮನೆಗೂ ತಂದುಹಾಕು’ ಎಂದಳು. ಎರಡು ಎದ್ದಿದ್ದವು.