ಬೇಸಿಗೆಯಲ್ಲಿ ಗಾಡಿಗೆ ಗಾಳಿ ಎಷ್ಟು? ಮನೆಯಲ್ಲೊಂದು ಪಂಪಿರಲಿ



ಉಪ್ಪಿನಕಾಯಿ, ಸಂಡಿಗೆ ಬಿಟ್ಟು ಈ ಸಲ ಗಾಡಿಯ ಗಾಲಿಯ ಮಾತೇಕೆ ಎಂದು ಹುಬ್ಬೇರಿಸಬೇಡಿ. ಲಿಂಗಸುಗೂರಿನ ಯಾವುದಾದರೂ ಶಾಲೆಯ ಗೇಟಿನ ಮುಂದೆ ಬೆಳಿಗ್ಗೆ ಹತ್ತು ನಿಮಿಷ ನಿಂತು ನೋಡಿ. ಹಿಂದೆ ಮಗಳನ್ನು ಕೂಡಿಸಿಕೊಂಡು, ಕಾಲ ಬಳಿ ಪಾಟಿಚೀಲ ಇಟ್ಟುಕೊಂಡು ಸ್ಕೂಟಿ ಓಡಿಸುವ ತಾಯಂದಿರು ಎಷ್ಟು ಜನ! ಸಂತೆ, ಬ್ಯಾಂಕು, ದವಾಖಾನೆ, ತವರಿಗೆ ಒಂದು ಸುತ್ತು, ಎಲ್ಲಕ್ಕೂ ಅದೇ ಗಾಡಿ. ಪೆಟ್ರೋಲು ಇದೆಯೋ ಇಲ್ಲವೋ ಎಂದು ದಿನಾ ನೋಡುತ್ತೇವೆ. ಗಾಳಿಯ ನೆನಪಾಗುವುದು ಮಾತ್ರ ಗಾಲಿ ನೆಲಕ್ಕೆ ಅಂಟಿದಾಗಲೇ, ಅಲ್ಲವೇ?

ನಮ್ಮ ಕಡೆ ಒಂದು ಮಾತು ಬಲವಾಗಿ ಬೇರೂರಿದೆ. "ಬ್ಯಾಸಗಿ ಐತ್ರೀ ಅಕ್ಕಾರ, ಗಾಳಿ ಕಮ್ಮಿನ ಇರ್ಲಿ, ಜಾಸ್ತಿ ಹಾಕಿದ್ರ ಒಡೀತೈತಿ." ಕೇಳಲು ಸರಿ ಎನಿಸುತ್ತದೆ. ಬಿಸಿಗೆ ಗಾಳಿ ಹಿಗ್ಗುತ್ತದೆ ಎಂಬುದೂ ನಿಜವೇ. ಆದರೆ ಲೆಕ್ಕ ಹಾಕಿ ನೋಡಿ: ಶಾಖ ಐದಾರು ಡಿಗ್ರಿ ಏರಿದರೆ ಟೈರಿನೊಳಗಿನ ಒತ್ತಡ ಏರುವುದು ಸುಮಾರು 1 ಪೌಂಡು. ಗಾಡಿ ಮಾಡುವವರು ಇದನ್ನೆಲ್ಲ ಎಣಿಸಿಯೇ ಇಷ್ಟು ಗಾಳಿ ಇರಲಿ ಎಂದು ಬರೆದಿರುತ್ತಾರೆ. ನಿಜವಾದ ಅಪಾಯ ಇರುವುದು ಕಮ್ಮಿ ಗಾಳಿಯಲ್ಲಿ. ತಂತಿಯೊಂದನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸುತ್ತಾ ಹೋದರೆ ಅದು ಬಿಸಿಯಾಗಿ ಕೊನೆಗೆ ಮುರಿಯುತ್ತದಲ್ಲ, ಮೆತ್ತಗಿರುವ ಟೈರಿನ ಪಕ್ಕೆಯೂ ಹಾಗೆಯೇ. ಒಂದೊಂದು ಸುತ್ತಿಗೂ ಬಗ್ಗಿ, ಎದ್ದು, ಮತ್ತೆ ಬಗ್ಗಿ ಒಳಗೊಳಗೇ ಕಾಯುತ್ತದೆ. ಮೇಲೆ ನಮ್ಮ ರಾಯಚೂರು ಜಿಲ್ಲೆಯ 40 ಡಿಗ್ರಿ ದಾಟುವ ಬಿಸಿಲು, ಕೆಳಗೆ ಕಾದ ಡಾಂಬರು. ಮಸ್ಕಿ, ಸಿಂಧನೂರಿನ ಕಡೆ ಹೆದ್ದಾರಿಯಲ್ಲಿ ಲಾರಿಗಳ ನಡುವೆ ಹೋಗುವಾಗ ಅಂಥ ಟೈರು ಕೈಕೊಟ್ಟರೆ ಗತಿಯೇನು? ಒಡೆಯದಿದ್ದರೂ ತಿರುವಿನಲ್ಲಿ ಗಾಡಿ ಜೋಲುತ್ತದೆ, ಬ್ರೇಕು ನೆಟ್ಟಗೆ ಹಿಡಿಯುವುದಿಲ್ಲ, ಪೆಟ್ರೋಲೂ ಹೆಚ್ಚು ಕುಡಿಯುತ್ತದೆ.

ಹಾಗಾದರೆ ಎಷ್ಟಿರಬೇಕು? ಪಂಪಿನ ಮೀಟರಿನ ಮೇಲೆ ಪಿ.ಎಸ್.ಐ. ಎಂದಿರುತ್ತದೆ, ಒಂದು ಚದರ ಅಂಗುಲಕ್ಕೆ ಇಷ್ಟು ಪೌಂಡು ಒತ್ತಡ ಎಂದರ್ಥ. ನಮ್ಮ ಅಡಿಗೆಮನೆಯ ಕುಕ್ಕರು ಸೀಟಿ ಹೊಡೆಯುವಾಗ ಒಳಗಿರುವುದು ಸುಮಾರು 15 ಪೌಂಡು. ನಮ್ಮಲ್ಲಿ ಓಡುವ ಎಷ್ಟೋ ಸ್ಕೂಟರುಗಳಿಗೆ ಮುಂದಿನ ಗಾಲಿಗೆ 22, ಹಿಂದಿನದಕ್ಕೆ ಒಬ್ಬರೇ ಇದ್ದರೆ 29, ಹಿಂದೆ ಇನ್ನೊಬ್ಬರು ಕೂಡುವುದಿದ್ದರೆ 36ರ ಆಸುಪಾಸು. ಅಂದರೆ ಎರಡು ಕುಕ್ಕರಿಗಿಂತ ಹೆಚ್ಚಿನ ಒತ್ತಡದ ಮೇಲೆ ಮಗುವನ್ನು ಕೂಡಿಸಿಕೊಂಡು ಹೋಗುತ್ತೇವೆ, ಕುಕ್ಕರಿಗಿರುವ ಸೇಫ್ಟಿ ವಾಲ್ವ್ ಟೈರಿಗಿಲ್ಲ! ನಿಮ್ಮ ಗಾಡಿಯ ಸರಿಯಾದ ಅಂಕೆ ಗಾಡಿಯ ಜೊತೆ ಬಂದ ಪುಸ್ತಕದಲ್ಲಿದೆ. ಕಾರಾದರೆ ಡ್ರೈವರ್ ಬಾಗಿಲು ತೆರೆದಾಗ ಕಾಣುವ ಚೀಟಿಯಲ್ಲಿ ಸಾಮಾನ್ಯವಾಗಿ ಇರುತ್ತದೆ. ಟೈರಿನ ಮೈಮೇಲೆ ಅಚ್ಚಾಗಿರುವ ದೊಡ್ಡ ಅಂಕೆ ನೋಡಿ ಅಷ್ಟು ತುಂಬಿಸಬೇಡಿ. ಅದು ಆ ಟೈರು ತಾಳುವ ಮಿತಿ.

ಪೆಟ್ರೋಲ್ ಬಂಕಿನಲ್ಲಿ ಗಾಳಿ ಪುಕ್ಕಟೆ ಹಾಕಬೇಕು, ಇದು ಕಂಪನಿಗಳೇ ಮಾಡಿದ ನಿಯಮ. ಸಂಕೋಚವಿಲ್ಲದೆ ಕೇಳಿ. ಆದರೂ ಮನೆಯಲ್ಲೊಂದು ಪಂಪು ಏಕೆಂದರೆ, ಗಾಳಿ ಅಳೆಯಬೇಕಾದದ್ದು ಟೈರು ತಣ್ಣಗಿದ್ದಾಗ. ಗಾಡಿ ಕನಿಷ್ಠ 3 ತಾಸು ನಿಂತಿರಬೇಕು. ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುವ ಹೊತ್ತೇ ಒಳ್ಳೆಯದು. ಓಡಿಸಿಕೊಂಡು ಹೋಗಿ ಬಂಕಿನಲ್ಲಿ ಅಳೆದರೆ ನಾಲ್ಕೈದು ಪೌಂಡು ಹೆಚ್ಚೇ ತೋರಿಸಬಹುದು. ಅದನ್ನು ಕಂಡು ಗಾಳಿ ಬಿಡಿಸಿದಿರೋ, ಮರುದಿನ ಬೆಳಿಗ್ಗೆ ಗಾಲಿ ಮೆತ್ತಗಾಗಿರುತ್ತದೆ.

ಈಗ ಕೊಳ್ಳುವ ಮಾತು. ಬರೀ ಸ್ಕೂಟರಿರುವ ಮನೆಗೆ ಮೀಟರಿರುವ ಕಾಲುಪಂಪು ಧಾರಾಳವಾಗಿ ಸಾಕು. ಕೆಲವು ನೂರು ರೂಪಾಯಿ, ಕರೆಂಟಿನ ಹಂಗಿಲ್ಲ, ಹತ್ತು ವರ್ಷಕ್ಕೂ ಮೋಸವಿಲ್ಲ. ಸೀರೆಯ ನೆರಿಗೆ ತುಸು ಎತ್ತಿ ಕಟ್ಟಿಕೊಂಡು ತುಳಿಯಿರಿ, ಅಷ್ಟೇ. ಮೊಣಕಾಲು ನೋವಿನವರಿಗೆ, ಬಸುರಿಯರಿಗೆ ಚಾರ್ಜ್ ಮಾಡುವ ಬ್ಯಾಟರಿ ಪಂಪು ಅನುಕೂಲ. ಅದಕ್ಕೆ ಒಂದೂವರೆ ಸಾವಿರದಿಂದ ಮೂರು ಸಾವಿರದವರೆಗೂ ಆಗುತ್ತದೆ. ಕಾರಿನ ಲೈಟರ್ ತೂತಿಗೆ ಚುಚ್ಚುವ 12 ವೋಲ್ಟಿನ ಪಂಪು ಅಗ್ಗವಾಯಿತೆಂದು ತಂದು ಪೇಚಾಡಬೇಡಿ. ಸ್ಕೂಟರಿನಲ್ಲಿ ಮೊಬೈಲಿಗೆಂದು ಇರುವ ಚಾರ್ಜರಿನಿಂದ ಅದು ನಡೆಯುವುದಿಲ್ಲ. ಇನ್ನೊಂದು ಸಂಗತಿ, ಸ್ಕೂಟರಿನ ಗಾಲಿ ಚಿಕ್ಕದು, ಗಾಳಿ ತುಂಬುವ ವಾಲ್ವ್ ಇಕ್ಕಟ್ಟಿನಲ್ಲಿರುತ್ತದೆ. ಪಂಪಿನ ಬಾಯಿ ಅಲ್ಲಿ ನೆಟ್ಟಗೆ ಕೂಡುತ್ತದೋ ಇಲ್ಲವೋ ಎಂದು ಗಾಡಿಯನ್ನೇ ಅಂಗಡಿಗೆ ಒಯ್ದು ನೋಡಿ ಕೊಳ್ಳಿ. ಪೈಪು ಮೆತ್ತಗೆ ಬಗ್ಗುವಂತಿರಲಿ.

ಬ್ಯಾಟರಿ ಪಂಪಿನಲ್ಲಿ ಬೇಕಾದ ಅಂಕೆ ಇಟ್ಟರೆ ತಾನೇ ನಿಲ್ಲುತ್ತದೆ ಎನ್ನುತ್ತಾರೆ. ನಿಲ್ಲುತ್ತದೆ, ಸರಿ. ಆದರೆ ಒಲೆಯ ಮೇಲೆ ಹಾಲಿಟ್ಟು ಹೋದಂತೆ ಬಿಟ್ಟು ಹೋಗಬೇಡಿ, ಪಕ್ಕದಲ್ಲೇ ಇರಿ. ಅಂಕೆ 2.0, 2.5 ಎಂದು ಕಂಡರೆ ಗಾಬರಿ ಬೇಡ. ಅದು ಬಾರ್ ಎಂಬ ಬೇರೆ ಅಳತೆ, 1 ಬಾರ್ ಎಂದರೆ ಹದಿನಾಲ್ಕೂವರೆ ಪೌಂಡು. ಗುಂಡಿ ಒತ್ತಿ ಪಿ.ಎಸ್.ಐ.ಗೆ ತಂದುಕೊಂಡೇ ಶುರುಮಾಡಿ. ಮಿಕ್ಸರಿನ ಹಾಗೆ ಇದಕ್ಕೂ ವಿಶ್ರಾಂತಿ ಬೇಕು. ಹತ್ತು ನಿಮಿಷ ನಡೆದರೆ ಅಷ್ಟೇ ಹೊತ್ತು ಆರಲು ಬಿಡಿ. ಬಾಯಿಯ ಲೋಹ ಕಾದಿರುತ್ತದೆ, ಬರಿಗೈಯಲ್ಲಿ ತಟ್ಟನೆ ಹಿಡಿಯಬೇಡಿ. ಒಳಗಿನ ಲಿಥಿಯಂ ಬ್ಯಾಟರಿಗೆ ಬಿಸಿಲು ಆಗದು. ಬಿಸಿಲಲ್ಲಿ ನಿಂತ ಸ್ಕೂಟರಿನ ಡಿಕ್ಕಿಯಲ್ಲಿ ಅದನ್ನು ಇಡಲೇಬೇಡಿ, ಮನೆಯೊಳಗೆ ತಂಪಾದ ಕಡೆ ಇರಲಿ. ಕಾರಿನ ಪಂಪಿನವರು ಎಂಜಿನ್ ಚಾಲೂ ಇಟ್ಟು ಗಾಳಿ ತುಂಬುವುದಾದರೆ ಕಾರನ್ನು ಶೆಡ್ಡಿನಿಂದ ಹೊರಗೆ ತಂದೇ ತುಂಬಿ. ಮುಚ್ಚಿದ ಜಾಗದಲ್ಲಿ ಅದರ ಹೊಗೆ ವಿಷ, ವಾಸನೆಯಿಂದ ಗೊತ್ತೂ ಆಗುವುದಿಲ್ಲ.

ಟೈರಿನ ಪಕ್ಕೆಯಲ್ಲಿ ಗುಳ್ಳೆಯಂತೆ ಉಬ್ಬಿದ್ದರೆ, ಸೀಳಿದ್ದರೆ, ಗಾಳಿಯಿಲ್ಲದೆ ದೂರ ಓಡಿಸಿದ್ದರೆ ಮನೆಯಲ್ಲಿ ತುಂಬುವ ಸಾಹಸ ಬೇಡ. ತುಂಬುವಾಗ ಒಡೆಯುವುದು ಅಂಥವೇ. ಒಳ್ಳೆಯ ಟೈರಾದರೂ ಮುಖ ಬಗ್ಗಿಸಿ ಕೂಡಬೇಡಿ.

ಮಕ್ಕಳಿಗೆ ಒಂದು ಮಾತು ಕಟ್ಟುನಿಟ್ಟಾಗಿ ಹೇಳಿ, ಗಾಳಿ ಪೈಪು ಆಟದ ಸಾಮಾನಲ್ಲ. ಬೆಂಗಳೂರಿನ ಬೈಕ್ ಸರ್ವಿಸ್ ಸೆಂಟರೊಂದರಲ್ಲಿ 2024ರ ಮಾರ್ಚಿನಲ್ಲಿ ಗೆಳೆಯನೊಬ್ಬ ಹುಡುಗಾಟಕ್ಕೆ ಗಾಳಿ ಪೈಪು ಹಿಡಿದು ಮೈಯೊಳಗೆ ಬಿಟ್ಟದ್ದರಿಂದ ಕರುಳಿಗೆ ಪೆಟ್ಟಾಗಿ ಯುವಕನೊಬ್ಬ ತೀರಿಕೊಂಡ. ಮನೆಯ ಪಂಪಿಗೆ ಅಷ್ಟು ರಭಸವಿಲ್ಲ ನಿಜ. ಆದರೆ ಇಲ್ಲಿ ಕಿವಿಗೆ, ಮೂಗಿಗೆ ಹಿಡಿದು ನಕ್ಕ ಹುಡುಗ ನಾಳೆ ಗ್ಯಾರೇಜಿನಲ್ಲೂ ಅದನ್ನೇ ಮಾಡುತ್ತಾನೆ. ಬಲೂನು, ಚೆಂಡು ತುಂಬುವುದನ್ನೂ ದೊಡ್ಡವರೇ ಮಾಡಿ.

ಹದಿನೈದು ದಿನಕ್ಕೊಮ್ಮೆ ಅಳೆದರೆ ಸಾಕು, ಈ ಪತ್ರಿಕೆ ಕೈಗೆ ಬಂದ ಮರುದಿನ ಎಂದಿಟ್ಟುಕೊಳ್ಳಿ! ತಿಂಗಳಿಗೆ ಒಂದೆರಡು ಪೌಂಡು ತಾನಾಗಿಯೇ ಇಳಿಯುವುದು ಸಹಜ. ವಾರದಲ್ಲೇ ಐದಾರು ಇಳಿದರೆ ಎಲ್ಲೋ ಸೋರುತ್ತಿದೆ. ನಮ್ಮ ಕಡೆ ಸಾಮಾನ್ಯವಾಗಿ ಬಳ್ಳಾರಿ ಜಾಲಿಯ ಮುಳ್ಳು. ಟ್ಯೂಬಿಲ್ಲದ ಟೈರಿನಲ್ಲಿ ಅದು ಚುಚ್ಚಿಕೊಂಡೇ ಕೂತು ಮೆಲ್ಲಗೆ ಗಾಳಿ ಬಿಡುತ್ತಿರುತ್ತದೆ. ಪಾತ್ರೆ ತೊಳೆಯುವ ಸಾಬೂನಿನ ನೀರು ಸವರಿ, ಗುಳ್ಳೆ ಏಳುವ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ. ಮುಳ್ಳನ್ನು ನೀವೇ ಕೀಳಬೇಡಿ. ಕಿತ್ತರೆ ಇದ್ದ ಗಾಳಿಯೂ ಹೋಗಿ ಪಂಕ್ಚರ್ ಅಂಗಡಿಯ ತನಕ ತಳ್ಳಿಕೊಂಡೇ ಹೋಗಬೇಕು.

ಮಕ್ಕಳ ಸೈಕಲ್ಲಿನದು ಬೇರೆ ಕತೆ. ಗಾಳಿ ತುಂಬಿದ ಟೈರಿಗೆ 1888ರಲ್ಲಿ ಪೇಟೆಂಟ್ ಪಡೆದ ಜಾನ್ ಬಾಯ್ಡ್ ಡನ್‌ಲಪ್ ದನಗಳ ಡಾಕ್ಟರು. ಮಗನ ಮೂರುಗಾಲಿ ಸೈಕಲ್ಲು ಕುಲುಕಬಾರದೆಂದು ಶುರುಮಾಡಿದ ಕೆಲಸವಂತೆ ಅದು. ನಮ್ಮ ಸಾದಾ ಸೈಕಲ್ಲುಗಳ ವಾಲ್ವಿಗೆ ಇಂದಿಗೂ ಅವರದೇ ಹೆಸರಿದೆ. ಸ್ಕೂಟರಿನ ಪಂಪಿನ ಬಾಯಿ ಅದಕ್ಕೆ ಹೊಂದುವುದಿಲ್ಲ, ಬೇರೆ ಕ್ಲಿಪ್ಪು ಬೇಕು. ಮೀಟರೂ ಸರಿಯಾಗಿ ತೋರಿಸದು, ಹೆಬ್ಬೆಟ್ಟಿನಿಂದ ಒತ್ತಿ ನೋಡುವುದೇ ದಾರಿ. ಎಷ್ಟು ತುಂಬಿದರೂ ಮರುದಿನಕ್ಕೆ ಇಳಿಯುತ್ತಿದ್ದರೆ ಪಂಕ್ಚರೆಂದು ತಿಳಿಯುವ ಮೊದಲು ವಾಲ್ವಿನ ಒಳಗಿನ ಸಣ್ಣ ರಬ್ಬರ್ ನಳಿಕೆಯನ್ನು ನೋಡಿ. ನಮ್ಮ ಬಿಸಿಲಿಗೆ ಅದು ಬೇಗ ಸೀಳುತ್ತದೆ. ಸೈಕಲ್ ಅಂಗಡಿಯಲ್ಲಿ ಒಂದೆರಡು ರೂಪಾಯಿಗೆ ಸಿಗುತ್ತದೆ, ನಾಲ್ಕು ತಂದಿಟ್ಟುಕೊಳ್ಳಿ.