ಹಿಂಜ್ ವಿಷ್ಯದಲ್ಲಿ ಜಿಪುಣತನ ಯಾಕೆ?

ಫ್ಯಾನ್ ಎಷ್ಟು ಥ್ರಸ್ಟ್ ಕೊಡುತ್ತೆ, ಬ್ಯಾಟರಿ ಎಷ್ಟು ಸೆಲ್ ಅಂತ ನಮ್ಮ ಟೀಮ್‌ನಲ್ಲಿ ವಾರಗಟ್ಟಲೆ ಜಗಳ ಆಗುತ್ತೆ. ಐಲೆರಾನನ್ನ ರೆಕ್ಕೆಗೆ ಹಿಡಿದಿಡೋ ಹಿಂಜ್ ಬಗ್ಗೆ ಮಾತ್ರ ಯಾರೂ ಬಾಯಿ ಬಿಡಲ್ಲ. ಕೊನೇ ರಾತ್ರಿ ಯಾರೋ ಒಬ್ಬರು ತೆಳು ಹಾಳೆಯಂಥ ಸಿಎ ಹಿಂಜ್ ತೂರಿಸಿ, ಎರಡು ಹನಿ ಸೂಪರ್ ಗ್ಲೂ ಬಿಟ್ಟು ಮುಗಿಸ್ತಾರೆ. ಹೋದ ಸೆಮಿಸ್ಟರ್‌ನಲ್ಲಿ ಆ ಯಾರೋ ಒಬ್ಬರು ನಾನೇ. ಮೂರನೇ ರೌಂಡ್‌ನಲ್ಲಿ ಐಲೆರಾನ್ ಕಿತ್ಕೊಂಡು ಹೋಯ್ತು. ಜೆಟ್ ಬಿದ್ದಿದ್ದು ಜನ ನಿಂತಿದ್ದ ಜಾಗದಿಂದ ಹತ್ತೇ ಹೆಜ್ಜೆ ದೂರದಲ್ಲಿ.

ಟ್ರೇನರ್ ವಿಮಾನಕ್ಕೆ ಸಿಎ ಹಿಂಜ್ ಸಾಕು, ಒಪ್ತೀನಿ. ಆದ್ರೆ ಗಾಳಿಯ ಒತ್ತಡ ವೇಗದ ಸ್ಕ್ವೇರ್ ಲೆಕ್ಕದಲ್ಲಿ ಏರುತ್ತೆ. ಗಂಟೆಗೆ 60 ಕಿ.ಮೀ. ಬದಲು 180ರಲ್ಲಿ ಹೋದ್ರೆ 9 ಪಟ್ಟು. ಜೊತೆಗೆ ಹಿಂಜ್ ಸಡಿಲ ಇದ್ರೆ ಫ್ಲಟರ್ ಶುರುವಾಗಿ, ಐಲೆರಾನ್ ಪಟಪಟ ಬಡ್ಕೊಂಡು ಕ್ಷಣದಲ್ಲಿ ಹಾರಿಹೋಗಬಹುದು.

ಜೆಟ್‌ಗೆ ಪಿನ್ ಇರೋ ಹಿಂಜೇ ಬೇಕು ಅನ್ನೋದು ನನ್ನ ವಾದ. ಅದರ ಕಾಲನ್ನ ಮೊದಲು ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿ; ನುಣುಪು ಪ್ಲಾಸ್ಟಿಕ್‌ಗೆ ಎಪಾಕ್ಸಿ ಸರಿಯಾಗಿ ಹಿಡಿಯಲ್ಲ. ಮಡಚೋ ಗಂಟಿಗೆ ಚೂರೇ ಚೂರು ವ್ಯಾಸಲೀನ್ ಹಚ್ಚಿ, ಇಲ್ಲಾಂದ್ರೆ ಅಂಟು ಅಲ್ಲಿಗೂ ಇಳಿದು ಬಿಗಿದುಕೊಳ್ಳುತ್ತೆ. ಅದೇ ವ್ಯಾಸಲೀನ್ ಕಾಲಿಗೆ ತಾಗಿದ್ರೆ ಕಥೆ ಮುಗೀತು. 5 ನಿಮಿಷದ ಎಪಾಕ್ಸಿ ಬೇಡ, 30 ನಿಮಿಷದ್ದು ತಗೊಳ್ಳಿ. ಎಲ್ಲ ಪಿನ್‌ಗಳನ್ನೂ ಒಂದೇ ಗೆರೆಗೆ ತರೋಕೆ ಟೈಮ್ ಬೇಕಲ್ಲ! ತೂತಿನ ಒಳಗೂ ಹಚ್ಚಿ.

ಮರುದಿನ ಒಂದೊಂದು ಹಿಂಜ್ ಹತ್ರಾನೂ ಹಿಡಿದು ಗಟ್ಟಿಯಾಗಿ ಎಳೀರಿ. "ಕಿತ್ತು ಬಂದ್ರೆ?" ಅಂತ ಜೂನಿಯರ್ ಒಬ್ಬ ಕೇಳಿದ. ಬರ್ಲಿ ಮಾರಾಯ, ಟೇಬಲ್ ಮೇಲೆ ತಾನೆ.