ಸೈಕಲ್ ಜೋಡಿಸುವಾಗ ಚಕ್ರಕ್ಕೆ ಮೊದಲ ಪಾಲು

ನಮ್ಮ ಊರುಗಳಲ್ಲಿ ಹಿಂದೆ ಸೈಕಲ್ ಎಂದರೆ ಮೀನು ಮಾರುವವರ, ಹಾಲು ಹಾಕುವವರ, ಶಾಲೆಗೆ ಹೋಗುವ ಮಕ್ಕಳ ವಾಹನವಾಗಿತ್ತು. ಮನೆಗೆ ಸ್ಕೂಟರ್ ಬಂದ ಕೂಡಲೇ ಅದು ಹಿತ್ತಲಿನ ಗೋಡೆಗೆ ಒರಗಿಬಿಡುತ್ತಿತ್ತು. ಈಗ ಅದೇ ಮನೆಯ ಮಗ ದುಬೈಯಲ್ಲೋ ಬೆಂಗಳೂರಿನಲ್ಲೋ ನೌಕರಿಗೆ ಸೇರಿ, ಕೆಲವು ಲಕ್ಷ ರೂಪಾಯಿಯ ಸೈಕಲನ್ನು ಬಿಡಿ ಭಾಗಗಳಾಗಿ ತರಿಸಿ ತಾನೇ ಜೋಡಿಸುತ್ತೇನೆ ಎಂದರೆ ತಂದೆ ತಾಯಿಗೆ ಗಾಬರಿಯಾಗುವುದು ಸಹಜ. "ಅಷ್ಟು ಹಣಕ್ಕೆ ಕಾರೇ ಬರುವುದಿಲ್ಲವೇ?" ಎಂದು ತಾಯಿ ಕೇಳುತ್ತಾರೆ. ಆ ಪ್ರಶ್ನೆಯಲ್ಲಿ ತಪ್ಪಿಲ್ಲ. ಆದರೆ ಬೇಡವೆನ್ನುವ ಮೊದಲು, ಹಾಗೆಯೇ ಹೂಂ ಎನ್ನುವ ಮೊದಲು, ಈ ಸೈಕಲ್ ಏನು, ಅದರಲ್ಲಿ ಹಣ ಎಲ್ಲಿಗೆ ಹೋಗಬೇಕು ಎಂಬುದನ್ನು ಮನೆಯವರೂ ತಿಳಿದುಕೊಳ್ಳುವುದು ಒಳ್ಳೆಯದು. ಇಲ್ಲಿ ಹಣದ ಜೊತೆಗೆ ಮಗನ ಕೈಕಾಲಿನ ಪ್ರಶ್ನೆಯೂ ಇದೆ.

ಎಲ್ಲಿಂದ ಬಂತು ಈ ಸೈಕಲ್?

1970ರ ದಶಕದಲ್ಲಿ ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋ ನಗರದ ಉತ್ತರಕ್ಕಿರುವ ಮರಿನ್ ಕೌಂಟಿಯಲ್ಲಿ ಕೆಲವು ಯುವಕರು ದಪ್ಪ ಟಯರಿನ ಹಳೆಯ ಸೈಕಲ್‌ಗಳನ್ನು ಗುಡ್ಡದ ಮೇಲಕ್ಕೆ ಒಯ್ದು ಮಣ್ಣಿನ ದಾರಿಯಲ್ಲಿ ಕೆಳಗಿಳಿಸುತ್ತಿದ್ದರು. 1976ರಲ್ಲಿ ಅಲ್ಲಿ ಒಂದು ಸ್ಪರ್ಧೆಯೇ ಆರಂಭವಾಯಿತು. ಅದರ ಹೆಸರು 'ರಿಪ್ಯಾಕ್'. ಒಮ್ಮೆ ಇಳಿಯುವಷ್ಟರಲ್ಲಿ ಹಿಂದಿನ ಹಬ್‌ನ ಒಳಗಿದ್ದ ಬ್ರೇಕ್ ಕಾದು, ಗ್ರೀಸ್ ಹೊಗೆಯಾಗಿ ಹೋಗುತ್ತಿತ್ತು. ಹಬ್ ಬಿಚ್ಚಿ ಮತ್ತೆ ಗ್ರೀಸ್ ತುಂಬಬೇಕಾಗುತ್ತಿತ್ತು. ಆ ಮರುತುಂಬುವ ಕೆಲಸವೇ ಸ್ಪರ್ಧೆಗೆ ಹೆಸರು ಕೊಟ್ಟಿತು. ಗುಡ್ಡದ ದಾರಿ ಮೊದಲು ಪರೀಕ್ಷಿಸುವುದು ಚಕ್ರವನ್ನು ಎಂಬುದು ಅವರಿಗೆ ಆಗಲೇ ಅರಿವಾಗಿತ್ತು.

1977ರಲ್ಲಿ ಜೋ ಬ್ರೀಜ್ ಎಂಬವರು ಇಂತಹ ದಾರಿಗಾಗಿಯೇ ಹೊಸ ಫ್ರೇಮ್ ತಯಾರಿಸಿದರು. 1980ರ ದಶಕದ ಕೊನೆಯ ಹೊತ್ತಿಗೆ ಮುಂದಿನ ಚಕ್ರಕ್ಕೆ ಶಾಕ್ ಇರುವ ಫೋರ್ಕ್ ಮಾರುಕಟ್ಟೆಗೆ ಬಂತು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಮೌಂಟನ್ ಬೈಕ್ ಓಟ ಸೇರ್ಪಡೆಯಾಯಿತು. ಇಂದು ಮುಂದೆಯೂ ಹಿಂದೆಯೂ ಶಾಕ್ ಇರುವ ಸೈಕಲಿಗೆ 'ಫುಲ್ ಸಸ್ಪೆನ್ಷನ್' ಎನ್ನುತ್ತಾರೆ. ಅದರ ಫ್ರೇಮ್ ಎರಡು ತುಂಡುಗಳಾಗಿದ್ದು, ಹಿಂಭಾಗವು ಬೇರಿಂಗ್‌ಗಳ ಮೇಲೆ ಮಡಚುತ್ತದೆ.

ಕಾರ್ಬನ್ ಫ್ರೇಮ್ ಎಂದರೆ ಕೂದಲಿಗಿಂತಲೂ ತೆಳುವಾದ ಕಾರ್ಬನ್ ಎಳೆಗಳನ್ನು ಪದರ ಪದರವಾಗಿ ಅಚ್ಚಿನಲ್ಲಿಟ್ಟು, ಎಪಾಕ್ಸಿ ಅಂಟಿನೊಡನೆ ಬಿಸಿಯಲ್ಲಿ ಗಟ್ಟಿ ಮಾಡಿದ ಚೌಕಟ್ಟು. ಅದು ಹಗುರ, ಸವಾರಿಯ ಭಾರವನ್ನು ಚೆನ್ನಾಗಿ ತಾಳುತ್ತದೆ. ಆದರೆ ಚೂಪುಕಲ್ಲಿನ ಏಟನ್ನಾಗಲಿ, ಅಡ್ಡಲಾಗಿ ಹಿಚುಕುವುದನ್ನಾಗಲಿ ಅದು ಸಹಿಸುವುದಿಲ್ಲ. ಉಕ್ಕಿನ ಫ್ರೇಮ್ ಪೆಟ್ಟು ತಿಂದರೆ ನೆಗ್ಗಿ ತೋರಿಸಿಕೊಡುತ್ತದೆ. ಕಾರ್ಬನ್ನಿನಲ್ಲಿ ಬಣ್ಣದ ಕೆಳಗೆ ಬಿರುಕು ಅಡಗಿರಬಹುದು. ಆದ್ದರಿಂದ ಯಾರೋ ಬಳಸಿದ ಕಾರ್ಬನ್ ಫ್ರೇಮ್ ಅಗ್ಗಕ್ಕೆ ಸಿಗುತ್ತದೆಂದು ಫೋಟೋ ನೋಡಿ ಹಣ ಕಳಿಸಬಾರದು.

ಚಕ್ರಕ್ಕೇಕೆ ಇಷ್ಟು ಮಹತ್ವ?

ಅಂಗಡಿಯಲ್ಲಿ ಕಣ್ಣಿಗೆ ಬೀಳುವುದು ಫ್ರೇಮ್. ಬಣ್ಣ, ಹೆಸರು, ಹೊಳಪು ಎಲ್ಲ ಅದರ ಮೇಲೆಯೇ ಇರುತ್ತದೆ. ಹೀಗಾಗಿ ಯುವಕರು ಕೂಡಿಟ್ಟ ಹಣದಲ್ಲಿ ಹೆಚ್ಚಿನ ಪಾಲನ್ನು ಫ್ರೇಮಿಗೆ ಕೊಟ್ಟು, ಉಳಿದದ್ದರಲ್ಲಿ ಸಿಕ್ಕ ಚಕ್ರ ಹಾಕಿಕೊಳ್ಳುತ್ತಾರೆ. ಇದು ಉಲ್ಟಾ ಲೆಕ್ಕ.

ಕಾರಣ ಸರಳ. ಶಾಕ್ ಇರುವ ಸೈಕಲಿನಲ್ಲಿ ಸವಾರ ಮತ್ತು ಫ್ರೇಮಿನ ಮುಂಭಾಗ ಆದಷ್ಟು ಅಲುಗದೆ ಇರಬೇಕು, ಚಕ್ರ ಮಾತ್ರ ಕಲ್ಲು ಹೊಂಡಗಳನ್ನು ಅನುಸರಿಸಿ ಏರಿ ಇಳಿಯಬೇಕು. ಚಕ್ರ ಭಾರವಾದಷ್ಟೂ ಶಾಕ್ ಅದನ್ನು ಬೇಗ ಕೆಳಗೆ ತಂದು ನೆಲಕ್ಕೆ ತಾಗಿಸಲಾರದು. ಟಯರ್ ನೆಲ ಬಿಟ್ಟ ಆ ಕ್ಷಣದಲ್ಲಿ ಬ್ರೇಕೂ ಹಿಡಿಯುವುದಿಲ್ಲ, ತಿರುಗಿಸಿದ ಕಡೆಗೆ ಸೈಕಲ್ ತಿರುಗುವುದೂ ಇಲ್ಲ. ಇನ್ನೊಂದು ವಿಷಯವೆಂದರೆ, ರಿಮ್ ಮತ್ತು ಟಯರಿನ ತೂಕ ಮುಂದಕ್ಕೂ ಸಾಗಬೇಕು, ಸುತ್ತಲೂ ಬೇಕು. ಆದ್ದರಿಂದ ವೇಗ ಹೆಚ್ಚಿಸುವಾಗ ಚಕ್ರದ ಅಂಚಿನ ತೂಕ ಫ್ರೇಮಿನ ಅಷ್ಟೇ ತೂಕಕ್ಕಿಂತ ಸುಮಾರು ಎರಡು ಪಟ್ಟು ಶ್ರಮ ಕೇಳುತ್ತದೆ. ಒಂದೇ ವೇಗದಲ್ಲಿ ಏರು ಹತ್ತುವಾಗ ಈ ವ್ಯತ್ಯಾಸ ಕಾಣುವುದಿಲ್ಲ. ಆದರೆ ಗುಡ್ಡದ ದಾರಿಯಲ್ಲಿ ಒಂದೇ ವೇಗ ಎಂಬುದು ಇರುವುದೇ ಇಲ್ಲವಲ್ಲ!

ಒಳ್ಳೆಯ ಚಕ್ರವಿರುವ ಅಲ್ಯೂಮಿನಿಯಂ ಫ್ರೇಮಿನ ಸೈಕಲ್, ಕಳಪೆ ಚಕ್ರವಿರುವ ಕಾರ್ಬನ್ ಸೈಕಲಿಗಿಂತ ಎಷ್ಟೋ ಮೇಲು. ಎರಡಕ್ಕೂ ಹಣವಿಲ್ಲದಿದ್ದರೆ ಬಿಡಬೇಕಾದದ್ದು ಕಾರ್ಬನ್ ಫ್ರೇಮನ್ನು.

ಫ್ರೇಮಿಗೆ ಹಣ ಕೊಡುವ ಮೊದಲು

ಫ್ರೇಮ್ ಆರಿಸಿದ ದಿನವೇ ಚಕ್ರದ ಅಳತೆಗಳೂ ನಿಗದಿಯಾಗಿಬಿಡುತ್ತವೆ. ಹಾಗಾಗಿ ನಾಲ್ಕು ಸಂಗತಿಗಳನ್ನು ಮೊದಲೇ ಕಾಗದದಲ್ಲಿ ಬರೆದುಕೊಳ್ಳಬೇಕು.

ಒಂದು, ಚಕ್ರದ ಗಾತ್ರ. 29 ಇಂಚಿನ ರಿಮ್‌ನಲ್ಲಿ ಟಯರ್ ಕೂರುವ ಜಾಗದ ವ್ಯಾಸ 622 ಮಿ.ಮೀ., 27.5 ಇಂಚಿನದ್ದು 584 ಮಿ.ಮೀ. ಒಂದರ ಟಯರ್ ಇನ್ನೊಂದಕ್ಕೆ ಕೂರದು.

ಎರಡು, ಹಬ್‌ನ ಅಗಲ. ಈಗ ಹೆಚ್ಚು ಬಳಕೆಯಲ್ಲಿರುವ 'ಬೂಸ್ಟ್' ಅಳತೆಯಲ್ಲಿ ಹಿಂದಿನ ಹಬ್ 148 ಮಿ.ಮೀ., ಮುಂದಿನದ್ದು 110 ಮಿ.ಮೀ. ಅಗಲ. ಹಿಂದಿನದರ ಅಚ್ಚು 12 ಮಿ.ಮೀ., ಮುಂದಿನದರ ಅಚ್ಚು 15 ಮಿ.ಮೀ. ದಪ್ಪ. ಹಳೆಯ ಸೈಕಲ್‌ಗಳಲ್ಲಿ ಹಿಂದೆ 142, ಮುಂದೆ 100 ಇರುತ್ತಿತ್ತು. ಹಬ್ ಅಗಲವಾದಷ್ಟೂ ಕಡ್ಡಿಗಳು ಹೆಚ್ಚು ಓರೆಯಾಗಿ ನಿಂತು ಚಕ್ರ ಅಡ್ಡಕ್ಕೆ ಬಾಗುವುದು ಕಡಿಮೆಯಾಗುತ್ತದೆ. ಹಳೆಯ ಚಕ್ರವನ್ನು ಹೊಸ ಫ್ರೇಮಿಗೆ ಹಾಕುವ ಯೋಚನೆ ಇದ್ದರೆ ಇಲ್ಲಿಯೇ ನಿಂತುಬಿಡುತ್ತದೆ.

ಮೂರು, ಗೇರಿನ ಹಲ್ಲುಚಕ್ರ ಕೂರುವ 'ಫ್ರೀಹಬ್'. ಶಿಮಾನೊ ಕಂಪೆನಿಯ, 10 ಹಲ್ಲಿನಿಂದ ಆರಂಭವಾಗುವ 12 ಗೇರಿನ ಸೆಟ್ಟಿಗೆ 'ಮೈಕ್ರೋ ಸ್ಪ್ಲೈನ್' ಬೇಕು. ಇದು 2018ರಲ್ಲಿ ಬಂದದ್ದು. ಸ್ರಾಮ್ ಕಂಪೆನಿಯ 10 ಹಲ್ಲಿನ ಸೆಟ್ಟಿಗೆ 'ಎಕ್ಸ್‌ಡಿ' ಬೇಕು. ಒಂದಕ್ಕೆ ಇನ್ನೊಂದು ಹೊಂದುವುದಿಲ್ಲ.

ನಾಲ್ಕು, ಡಿಸ್ಕ್ ಬ್ರೇಕಿನ ತಟ್ಟೆ ಆರು ಸ್ಕ್ರೂಗಳಲ್ಲಿ ನಿಲ್ಲುತ್ತದೆಯೋ, 'ಸೆಂಟರ್‌ಲಾಕ್' ಎಂಬ ಒಂದೇ ಉಂಗುರದಲ್ಲಿ ನಿಲ್ಲುತ್ತದೆಯೋ ನೋಡಬೇಕು.

ಈ ನಾಲ್ಕರಲ್ಲಿ ಒಂದು ತಪ್ಪಿದರೂ ಪಾರ್ಸೆಲ್ ಹಿಂದಕ್ಕೆ ಹೋಗಬೇಕು. ವಿದೇಶದಿಂದ ತರಿಸಿದ್ದಾದರೆ ಕಟ್ಟಿದ ಸುಂಕದ ಚಿಂತೆ ಬೇರೆ.

ಹಬ್, ಕಡ್ಡಿ, ರಿಮ್

ಚಕ್ರದಲ್ಲಿ ಹೆಚ್ಚು ಕಾಲ ಬಾಳುವ ಭಾಗ ಹಬ್. ರಿಮ್ ಹಾಳಾದರೆ ಅದೇ ಹಬ್‌ಗೆ ಬೇರೆ ರಿಮ್ ಕಟ್ಟಬಹುದು. ಆದ್ದರಿಂದ ಹಣ ಉಳಿಸುವ ಜಾಗ ಇದಲ್ಲ. ಪೆಡಲ್ ತುಳಿದಾಗ ಹಬ್ ಎಷ್ಟು ಬೇಗ ಹಿಡಿಯುತ್ತದೆ ಎಂಬುದನ್ನು ಡಿಗ್ರಿಯಲ್ಲಿ ಹೇಳುತ್ತಾರೆ. ಸ್ವಿಟ್ಜರ್‌ಲ್ಯಾಂಡಿನ ಡಿಟಿ ಸ್ವಿಸ್ ಕಂಪೆನಿಯ ಹಬ್‌ಗಳಲ್ಲಿ ಎರಡು ಹಲ್ಲಿನ ಉಂಗುರಗಳು ಮುಖಾಮುಖಿಯಾಗಿ ಒತ್ತಿ ಕೂರುತ್ತವೆ. 36 ಹಲ್ಲಿನ ಉಂಗುರವಾದರೆ 10 ಡಿಗ್ರಿಗೊಮ್ಮೆ ಹಿಡಿತ. ಕಲ್ಲುಗಳ ನಡುವೆ ಅರ್ಧ ತುಳಿತದಲ್ಲಿ ಏರುವವರಿಗೆ ಇದು ಸಾಕಾಗುತ್ತದೆ. ಇನ್ನೂ ಸೂಕ್ಷ್ಮ ಹಲ್ಲುಗಳ ಹಿಂದೆ ಓಡುವುದಕ್ಕಿಂತ, ಬೇರಿಂಗ್ ಸುಲಭವಾಗಿ ಬದಲಾಯಿಸಲು ಬರುತ್ತದೆಯೇ, ಬಿಡಿ ಭಾಗ ಸಿಗುತ್ತದೆಯೇ ಎಂದು ವಿಚಾರಿಸುವುದು ಮೇಲು.

ಕಡ್ಡಿಗಳ ವಿಷಯವನ್ನು ಅನೇಕರು ಕೇಳುವುದೇ ಇಲ್ಲ. ಚಕ್ರ ನಿಂತಿರುವುದು ಕಡ್ಡಿಗಳ ಬಿಗಿತದ ಮೇಲೆ. ಅಮೆರಿಕದ ಇಂಜಿನಿಯರ್ ಜಾಬ್ಸ್ಟ್ ಬ್ರಾಂಟ್ 1981ರಲ್ಲಿ ಸೈಕಲ್ ಚಕ್ರದ ಕುರಿತೇ ಒಂದು ಪುಸ್ತಕ ಬರೆದು ಇದನ್ನು ವಿವರಿಸಿದರು. ಚಕ್ರ ಉರುಳುವಾಗ ನೆಲದ ಕಡೆಗೆ ಬಂದ ಕಡ್ಡಿಯ ಬಿಗಿತ ಇಳಿಯುತ್ತದೆ, ದಾಟಿದ ಮೇಲೆ ಮತ್ತೆ ಏರುತ್ತದೆ. ಪ್ರತಿ ಸುತ್ತಿಗೂ ಹೀಗೆಯೇ. ಮೊದಲೇ ಸಡಿಲವಾಗಿ ಕಟ್ಟಿದ ಚಕ್ರದಲ್ಲಿ ಕಡ್ಡಿ ಪೂರ್ತಿ ಸಡಿಲವಾಗಿ ಮತ್ತೆ ಜಗ್ಗಿ, ಕೆಲ ಕಾಲದ ನಂತರ ಬಾಗಿದ ಜಾಗದಲ್ಲಿ ಮುರಿಯುತ್ತದೆ. ಬಿಗಿತ ಸಾಕಷ್ಟಿದ್ದು ಎಲ್ಲ ಕಡ್ಡಿಗಳಲ್ಲೂ ಸಮನಾಗಿದ್ದರೆ ಚಕ್ರ ಬಾಳುತ್ತದೆ. ಹಾಗಾಗಿ ಚಕ್ರ ಕಟ್ಟುವವರ ಬಳಿ ಬಿಗಿತ ಅಳೆಯುವ ಮೀಟರ್ ಇದೆಯೇ ಎಂದು ಕೇಳಲು ಸಂಕೋಚ ಬೇಡ.

ತೂಕ ಹೆಚ್ಚಿರುವವರಿಗೆ, ಒರಟಾಗಿ ಓಡಿಸುವವರಿಗೆ 28 ಕಡ್ಡಿಗಿಂತ 32 ಕಡ್ಡಿ ಒಳ್ಳೆಯದು. ನಡುವೆ ಸಣಕಲಾಗಿ ತುದಿಗಳಲ್ಲಿ ದಪ್ಪವಿರುವ ಕಡ್ಡಿಗಳು ಸ್ವಲ್ಪ ಹಿಗ್ಗುವುದರಿಂದ ಹೆಚ್ಚು ಬಾಳುತ್ತವೆ. ಕಡ್ಡಿಯ ತುದಿಯ ನಿಪ್ಪಲ್ ಹಿತ್ತಾಳೆಯದ್ದಾಗಿರಲಿ. ಅಲ್ಯೂಮಿನಿಯಂ ನಿಪ್ಪಲ್ ಹಗುರವಾದರೂ ನಮ್ಮ ಕರಾವಳಿಯ ಉಪ್ಪುಗಾಳಿ ಮತ್ತು ಮಳೆಯಲ್ಲಿ ಬೇಗ ಸವೆದು ಹಿಡಿದುಕೊಳ್ಳುತ್ತದೆ. ತುದಿ ಬಾಗಿದ ಸಾಮಾನ್ಯ ಕಡ್ಡಿಯನ್ನೇ ಆರಿಸಿ, ಪ್ರತಿ ಉದ್ದದ್ದು ನಾಲ್ಕು ಹೆಚ್ಚುವರಿ ಇಟ್ಟುಕೊಳ್ಳಿ. ಆಗ ಊರಿನಲ್ಲಿ ಚಕ್ರದ ಬೆಂಡ್ ತೆಗೆಯುವ ಅನುಭವಿಯೂ ಅದನ್ನು ಸರಿಪಡಿಸಬಲ್ಲರು.

ರಿಮ್ ಕಾರ್ಬನ್ನಿನದ್ದೇ ಬೇಕೇ? ಫ್ರೇಮ್ ಕಾರ್ಬನ್ ಆದ ಮೇಲೆ ರಿಮ್ ಕೂಡ ಅದೇ ಆಗಲಿ ಎಂದು ಆಸೆಯಾಗುತ್ತದೆ. ಅದು ಹಗುರ, ಬಿಗಿ. ಬೆಲೆ ಮಾತ್ರ ಕೆಲವು ಪಟ್ಟು ಹೆಚ್ಚು. ಅಲ್ಯೂಮಿನಿಯಂ ರಿಮ್ ಕಲ್ಲಿಗೆ ಬಡಿದರೆ ನೆಗ್ಗುತ್ತದೆ, ಸಣ್ಣ ನೆಗ್ಗನ್ನು ಸರಿಮಾಡಿ ಮನೆಗೆ ಬರಬಹುದು. ಕಾರ್ಬನ್ ರಿಮ್ ಬಿರಿದರೆ ಬದಲಾಯಿಸುವುದೇ ದಾರಿ. ಮೊದಲ ಸೈಕಲ್ ಜೋಡಿಸುವವರಿಗೆ ಒಳ ಅಗಲ 30 ಮಿ.ಮೀ. ಇರುವ ಒಳ್ಳೆಯ ಅಲ್ಯೂಮಿನಿಯಂ ರಿಮ್ ಸಾಕು. 2.3ರಿಂದ 2.6 ಇಂಚಿನ ಟಯರಿಗೆ ಅದು ಸರಿಹೊಂದುತ್ತದೆ. ಉಳಿದ ಹಣ ಹಬ್‌ಗೂ ಟಯರಿಗೂ ಹೋಗಲಿ.

ಊರಿಗೆ ತಕ್ಕ ಟಯರ್

ಟಯರ್ ಆರಿಸುವಾಗ ಸವಾರಿ ಎಲ್ಲಿ ಎಂಬುದೇ ಮುಖ್ಯ. ದುಬೈಯಲ್ಲಿರುವ ನಮ್ಮ ಯುವಕರು ರಜೆಯ ಮುಂಜಾನೆ ಹೋಗುವ ಹತ್ತಾ, ಹಜರ್ ಪರ್ವತಗಳ ನಡುವೆ ಇದೆ. ಅಲ್ಲಿ ಸೈಕಲಿಗಾಗಿಯೇ ಹಸಿರು, ನೀಲಿ, ಕೆಂಪು, ಕಪ್ಪು ಎಂದು ಕಷ್ಟಕ್ಕೆ ತಕ್ಕಂತೆ ಗುರುತಿಸಿದ ದಾರಿಗಳಿವೆ. ನೆಲವೆಲ್ಲ ಒಣಗಿದ ಚೂಪುಕಲ್ಲು. ಅಲ್ಲಿಗೆ ಬದಿ ದಪ್ಪವಿರುವ ಟಯರ್ ಬೇಕು, ಸ್ವಲ್ಪ ಭಾರವಾದರೂ ಸರಿ. ನಮ್ಮ ಕೊಡಗು, ಚಿಕ್ಕಮಗಳೂರಿನ ತೋಟದ ದಾರಿಗಳಲ್ಲಿ ಮಳೆಗಾಲದ ಕೆಸರಿಗೆ ಹಲ್ಲುಗಳು ಎತ್ತರವಾಗಿ ದೂರ ದೂರ ಇರುವ ಟಯರ್ ಬೇಕು. ಇಲ್ಲದಿದ್ದರೆ ಕೆಸರು ಮೆತ್ತಿ ಟಯರ್ ಬಾಳೆಹಣ್ಣಿನ ಸಿಪ್ಪೆಯಂತೆ ಜಾರುತ್ತದೆ.

ಈಗ ಟ್ಯೂಬ್ ಇಲ್ಲದ ಟಯರ್ ಸಾಮಾನ್ಯವಾಗಿದೆ. ಒಳಗೆ ಹಾಕುವ ದ್ರವ ಹೆಚ್ಚಾಗಿ ಲೇಟೆಕ್ಸ್, ಅಂದರೆ ಸುಳ್ಯ, ಪುತ್ತೂರಿನ ತೋಟಗಳಲ್ಲಿ ಇಳಿಸುವ ರಬ್ಬರ್ ಹಾಲಿನ ಜಾತಿಯದ್ದೇ. ಮುಳ್ಳು ಚುಚ್ಚಿದ ತೂತಿನಲ್ಲಿ ಅದು ಹೆಪ್ಪುಗಟ್ಟಿ ಗಾಳಿ ನಿಲ್ಲಿಸುತ್ತದೆ. ಮರುಭೂಮಿಯ ಸೆಕೆಯಲ್ಲಿ ಅದು ಬೇಗ ಒಣಗುವುದರಿಂದ ಎರಡು ಮೂರು ತಿಂಗಳಿಗೊಮ್ಮೆ ನೋಡಿ ತುಂಬಬೇಕು. ಟ್ಯೂಬ್ ಇಲ್ಲದ ಕಾರಣ ಗಾಳಿ ಕಡಿಮೆ ಇಡಬಹುದು. ಸವಾರನ ತೂಕ ನೋಡಿಕೊಂಡು 20ರಿಂದ 30 ಪಿಎಸ್‌ಐ ಒಳಗೆ ಸರಿಹೊಂದಿಸಿಕೊಳ್ಳಬೇಕು.

ಜೋಡಿಸುವ ದಿನ

ಜೋಡಿಸಲು ಆತುರ ಬೇಡ. ಕಾರ್ಬನ್ ಫ್ರೇಮಿನ ಪ್ರತಿ ಬೋಲ್ಟಿನ ಬಳಿ ಎಷ್ಟು ಬಿಗಿಯಬೇಕೆಂದು ನ್ಯೂಟನ್ ಮೀಟರಿನಲ್ಲಿ ಬರೆದಿರುತ್ತದೆ. ಸೀಟಿನ ಕಂಬ, ಹ್ಯಾಂಡಲ್ ಮುಂತಾದ ಕಡೆ ಅದು 4ರಿಂದ 6ರಷ್ಟು ಸಣ್ಣದು. ಕೈಯ ಅಂದಾಜಿನಲ್ಲಿ ಬಿಗಿದರೆ ಕಾರ್ಬನ್ ಸೀಳಬಹುದು. ಅಳತೆಯ ಸ್ಪ್ಯಾನರ್, ಅಂದರೆ ಟಾರ್ಕ್ ರೆಂಚ್, ಇಲ್ಲದೆ ಕೆಲಸ ಆರಂಭಿಸಲೇಬಾರದು. ಸ್ಟ್ಯಾಂಡಿಗೆ ಸಿಕ್ಕಿಸುವಾಗ ಫ್ರೇಮಿನ ಕೊಳವೆಯನ್ನು ಹಿಡಿಸದೆ ಸೀಟಿನ ಕಂಬವನ್ನು ಹಿಡಿಸಬೇಕು.

ಕೊನೆಗೆ ಶಾಕಿನ ಗಾಳಿ. ಸವಾರ ಪೂರ್ತಿ ಉಡುಪಿನಲ್ಲಿ ಕುಳಿತಾಗ ಹಿಂದಿನ ಶಾಕ್ ತನ್ನ ಓಟದ 25ರಿಂದ 30 ಶೇಕಡಾ ಇಳಿಯಬೇಕು. ಶಾಕಿನ ಓಟ 55 ಮಿ.ಮೀ. ಇದ್ದರೆ 30 ಶೇಕಡಾ ಎಂದರೆ 16.5 ಮಿ.ಮೀ. ಇದನ್ನು ಸರಿಮಾಡದೆ ಓಡಿಸಿದರೆ ಅಷ್ಟು ಹಣ ಕೊಟ್ಟ ಶಾಕ್ ಇದ್ದೂ ಇಲ್ಲದಂತೆ. ಮೊದಲ ಕೆಲವು ಸವಾರಿಗಳ ನಂತರ ಕಡ್ಡಿಗಳ ಬಿಗಿತ, ಬೋಲ್ಟುಗಳು ಎಲ್ಲವನ್ನೂ ಮತ್ತೊಮ್ಮೆ ನೋಡಬೇಕು.

ಖರ್ಚು ಇಲ್ಲಿಗೆ ಮುಗಿಯುವುದಿಲ್ಲ ಎಂಬುದು ಮನೆಯವರಿಗೆ ಗೊತ್ತಿರಲಿ. ಹಲವು ಫೋರ್ಕ್‌ಗಳ ಕೈಪಿಡಿಯಲ್ಲಿ 50 ಗಂಟೆ ಸವಾರಿಗೊಮ್ಮೆ ಎಣ್ಣೆ ಬದಲಾಯಿಸಲು ಹೇಳಿರುತ್ತದೆ. ಹಿಂಭಾಗದ ಬೇರಿಂಗ್‌ಗಳು ನಮ್ಮ ಮಳೆಗೆ ಬೇಗ ತುಕ್ಕು ಹಿಡಿಯುತ್ತವೆ. ಕಾರು ತೊಳೆಯುವ ರಭಸದ ನೀರನ್ನು ಅವುಗಳ ಮೇಲೆ ಹಾಯಿಸಬಾರದು.

ಹಾಗಾದರೆ ಮಗನಿಗೆ ಏನು ಹೇಳಬೇಕು? ಸ್ವಂತ ದುಡಿಮೆಯಲ್ಲಿ, ಮನೆಯ ಜವಾಬ್ದಾರಿ ಮುಗಿಸಿ, ಸಾಲವಿಲ್ಲದೆ ಕೊಳ್ಳುವುದಾದರೆ ಬೇಡವೆನ್ನಬೇಕಾಗಿಲ್ಲ. ಬೆಳಿಗ್ಗೆ ಎದ್ದು ಗುಡ್ಡ ಹತ್ತುವ ಯುವಕ ರಾತ್ರಿಯಿಡೀ ಮೊಬೈಲ್ ನೋಡುವವನಿಗಿಂತ ಆರೋಗ್ಯವಾಗಿರುತ್ತಾನೆ. ಆದರೆ ಖರೀದಿಯ ಪಟ್ಟಿಯನ್ನು ಒಮ್ಮೆ ತೋರಿಸೆಂದು ಕೇಳಿ. ಪಟ್ಟಿಯ ಮೊದಲ ಸಾಲಿನಲ್ಲಿ ಹೆಲ್ಮೆಟ್, ಎರಡನೆಯದರಲ್ಲಿ ಚಕ್ರ ಮತ್ತು ಬ್ರೇಕ್ ಇರಲಿ. ಫ್ರೇಮಿನ ಬಣ್ಣದ ಮಾತು ಅದರ ನಂತರ ಬರಲಿ.